ಗಾರ್ಡ್ ತಾತ ಚಾರ್ಜ್ ಕೊಟ್ಟದ್ದು

ಶಾಸಕರ ಕಚೇರಿಯ ಮುಂಗೋಣೆಯಲ್ಲಿ ಕುರ್ಚಿಗಳಿಗೇನೂ ಬರವಿರಲಿಲ್ಲ, ಬರವಿದ್ದದ್ದು ಶಾಸಕರಿಗೆ. ಅಲ್ಲಿಗೆ ಅಲೆದು ಅಲೆದು ಬ್ರೇಕಮ್ಮ ಮತ್ತು ಬೇಕರಿ ಅಕ್ಕ ಇಬ್ಬರೂ ಚಪ್ಪಲಿ ಸವೆಸಿಕೊಂಡಿದ್ದರು. "ಸಾಹೇಬರು ಮೀಟಿಂಗ್‌ನಲ್ಲಿದಾರೆ" ಅನ್ನುವುದು ಪಿ.ಎ.ಗೆ ಬಾಯಿಪಾಠ. ಇವತ್ತು ಅದೇ ಪಿ.ಎ. ತಾನಾಗಿ ಫೋನ್ ಮಾಡಿ ಕರೆಸಿಕೊಂಡಿದ್ದ. ಕರೆಸದೆ ಏನು ಮಾಡುತ್ತಾನೆ? ಬಂದೂಕಿನ ಮಸೂದೆ ಇನ್ನೇನು ಮತಕ್ಕೆ ಬರುವುದರಲ್ಲಿತ್ತು. ವಿಧಾನಸಭೆಯಲ್ಲಿ ಅರ್ಧ ಜನ ಬೇಕು ಅನ್ನುತ್ತಿದ್ದರು, ಅರ್ಧ ಜನ ಬೇಡ ಅನ್ನುತ್ತಿದ್ದರು. ಈ ಪುಣ್ಯಾತ್ಮರೊಬ್ಬರು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟು, ಯಾವ ಕಡೆ ಬೆಳಕು ಬೀಳುತ್ತದೋ ನೋಡೋಣ ಅಂತ ಕೂತಿದ್ದರು.

ಮಸೂದೆಯೂ ಏನು ಮಹಾ ಕೇಳುತ್ತಿರಲಿಲ್ಲ. ಬಂದೂಕಿನ ಲೈಸೆನ್ಸ್ ಇದ್ದವರಿಂದ ಅಪಾಯ ಇದೆ ಅಂತ ಮನೆಯವರೇ ದೂರು ಕೊಟ್ಟರೆ, ಠಾಣೆಯವರು ಬಂದು ಬಂದೂಕನ್ನು ತೆಗೆದುಕೊಂಡು ಹೋಗಿ ಇಟ್ಟುಕೊಳ್ಳಬೇಕು. ಅಷ್ಟೇ. ಈಗಿನ ಕಾನೂನಿನ ಪ್ರಕಾರ ಮನೆಯವರು ಎದೆ ಬಡಿದುಕೊಂಡರೂ ಠಾಣೆಯವರು ಹೊಸ್ತಿಲು ದಾಟುವಂತಿರಲಿಲ್ಲ.

ಬ್ರೇಕಮ್ಮ ಅಂದರೆ ಡ್ರೈವಿಂಗ್ ಸ್ಕೂಲಿನ ಮೇಡಂ. ಪಾಠದ ಕಾರಿನಲ್ಲಿ ಕಲಿಯುವವರಿಗೊಂದು, ಕಲಿಸುವವರಿಗೊಂದು, ಎರಡೆರಡು ಬ್ರೇಕ್ ಇರುತ್ತವಲ್ಲ. ಈಯಮ್ಮ ಇಡೀ ದಿನ "ಬ್ರೇಕು, ಬ್ರೇಕು" ಅನ್ನುತ್ತಾ ತನ್ನ ಕಡೆಯದನ್ನು ತುಳಿಯುತ್ತಲೇ ಇರುತ್ತಾಳೆ ಅಂತ ಕಲಿಯುವವರೇ ಇಟ್ಟ ಹೆಸರು ಅದು. ಕಾಲಕ್ರಮೇಣ ಮನೆ ಬಾಡಿಗೆಯ ರಸೀದಿಯ ಮೇಲೆ ಬಿಟ್ಟರೆ ಮಿಕ್ಕ ಕಡೆಯೆಲ್ಲ ಅದೇ ಉಳಿಯಿತು. ಗಂಡನಿಗೆ ಹಡಗಿನಲ್ಲಿ ಅಡುಗೆ ಕೆಲಸ, ಮನೆಗೆ ಬಂದರೆ ಅಪರೂಪದ ನೆಂಟ. ಮನೆಯಲ್ಲಿ ಇರುವವರು ಮೂವರು: ಇವಳು, ಮೂರನೇ ಕ್ಲಾಸಿನ ಮಗಳು ಪುಟ್ಟಿ, ಮತ್ತೆ ಬ್ಯಾಂಕಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದ ಅಪ್ಪ. ಬೀದಿಯವರಿಗೆಲ್ಲ ಅವರು ಗಾರ್ಡ್ ತಾತ.

ಗಾರ್ಡ್ ತಾತನ ಬಳಿ ಸ್ವಂತದ ಜೋಡಿನಳಿಗೆ ಬಂದೂಕು ಇತ್ತು. ಸಮಸ್ಯೆ ಬಂದೂಕಿನದಲ್ಲ, ತಾತನ ತಲೆಯದು. ಎರಡು ವರ್ಷದಿಂದ ಅವರಿಗೆ ಮರೆವು. ಊಟ ಮಾಡಿ ಕೈ ತೊಳೆದವರು ಊಟಕ್ಕೆ ಹಾಕು ಅನ್ನುತ್ತಿದ್ದರು, ಮಗಳನ್ನು ತಂಗಿಯ ಹೆಸರಿನಿಂದ ಕರೆಯುತ್ತಿದ್ದರು, ಒಂದು ದಿನವಂತೂ ಹಾಲಿನವನನ್ನು ಕಳ್ಳ ಅಂತ ಕಾಲರ್ ಹಿಡಿದು ನಿಲ್ಲಿಸಿದ್ದರು. ಆವತ್ತೇ ಬ್ರೇಕಮ್ಮ ಠಾಣೆಗೆ ಓಡಿದ್ದಳು.

"ಅವರೇ ತಂದು ಸೈನ್ ಹಾಕ್ಬೇಕಮ್ಮ. ಲೈಸೆನ್ಸ್ ಅವರದು. ಅವರೇನು ತಪ್ಪು ಮಾಡಿದಾರೆ?" ಅಂದಿದ್ದರು ಠಾಣೆಯಲ್ಲಿ.

"ತಪ್ಪು ಮಾಡೋ ತನಕ ಕಾಯ್ಬೇಕಾ ಸಾರ್?"

"ಕಾನೂನು ಹಾಗಿದೆ. ನಾವೇನು ಮಾಡೋಣ?"

ಅಪ್ಪನನ್ನೇ ಕೇಳಿದಳು. "ನಾನು ಸತ್ತ ಮೇಲೆ ತಗೊಂಡ್ಹೋಗು" ಅಂದು ಅವರು ವಾರಗಟ್ಟಲೆ ಮುಖ ಊದಿಸಿಕೊಂಡರು. ಕೊನೆಗೆ ಇವಳು ಬಂದೂಕನ್ನೂ ತೋಟಾಗಳನ್ನೂ ತನ್ನ ಬೀರುವಿನಲ್ಲಿಟ್ಟು, ಬೀಗ ಜಡಿದು, ಬೀಗದ ಕೈಯನ್ನು ಕಾರಿನ ಕೀಗೊಂಚಲಿಗೆ ಸೇರಿಸಿಕೊಂಡಳು. ಇನ್ನು ಪರವಾಗಿಲ್ಲ, ಬ್ರೇಕು ನನ್ನ ಕಾಲಡಿಯಲ್ಲಿದೆ ಅಂದುಕೊಂಡಳು. ಅದೇ ಅವಳು ಮಾಡಿದ ತಪ್ಪು. ಇಡೀ ಜನ್ಮ ಎರಡು ಬ್ರೇಕಿನ ಕಾರಿನಲ್ಲಿ ಕೂತವಳಿಗೆ, ತನ್ನ ಕಡೆ ಒಂದಿದ್ದರೆ ಸಾಕು ಅನ್ನುವ ಭಂಡ ಧೈರ್ಯ.

ಆದರೂ ಈ ಮಸೂದೆಗಾಗಿ ಬೇಕರಿ ಅಕ್ಕ ಕಟ್ಟಿದ್ದ ಸಂಘದ ಸಭೆಗಳಿಗೆ ಹೋಗುತ್ತಿದ್ದಳು. ಬೇಕರಿಯ ಹಿಂದಿನ ಕೋಣೆಯಲ್ಲಿ, ಮೈದಾ ಮೂಟೆಗಳ ನಡುವೆ ಸಭೆ. ಅಲ್ಲಿಗೆ ಬರುವವರೆಲ್ಲ ಯಾರದೋ ಬಂದೂಕಿಗೆ ತಮ್ಮವರನ್ನು ಕಳೆದುಕೊಂಡವರು. ಬ್ರೇಕಮ್ಮನಿಗೆ ಅವರ ನಡುವೆ ಕೂರಲು ಒಂಥರಾ ಸಂಕೋಚ. "ನನ್ನ ಮನೇಲಿ ಏನೂ ಆಗಿಲ್ವಲ್ಲಕ್ಕ, ನಾನ್ಯಾವ ಬಾಯಲ್ಲಿ ಮಾತಾಡ್ಲಿ?" ಅಂದಾಗ ಬೇಕರಿ ಅಕ್ಕ ಬೈದಿದ್ದಳು. "ಸುಮ್ನಿರೇ. ಆದವರೆಲ್ಲ ಲೇಟಾಗಿ ಬಂದವರು. ಟೈಮಿಗೆ ಸರಿಯಾಗಿ ಬಂದಿರೋಳು ನೀನೊಬ್ಳೇ. ಶಾಸಕರ ಮುಂದೆ ನೀನೇ ಬರ್ಬೇಕು."

ಬರುವುದೇನೋ ಬಂದಳು. ಆದರೆ ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆ ಆಂಟಿ ಆವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕೇ? ಬೇರೆ ದಾರಿಯಿಲ್ಲದೆ ಅಪ್ಪನನ್ನೂ ಜೊತೆಗೆ ಕರೆತಂದಿದ್ದಳು. ಹೊರಗೆ ಹೋಗುವುದೆಂದರೆ ತಾತನಿಗೆ ಹಬ್ಬ. ಹಳೆಯ ಖಾಕಿ ಕೋಟು ಹಾಕಿಕೊಂಡು, ಗುಂಡಿಗಳನ್ನು ಉಜ್ಜಿ ಫಳಫಳ ಮಾಡಿಕೊಂಡು ಬಂದಿದ್ದರು. ಮುಂಗೋಣೆಯಲ್ಲಿ ಇರುವ ಕುರ್ಚಿಗಳನ್ನೆಲ್ಲ ಬಿಟ್ಟು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಬಂದು ಹೋಗುವವರನ್ನು ತಲೆಯಿಂದ ಕಾಲಿನವರೆಗೆ ಅಳೆಯುತ್ತಿದ್ದರು. ಪಿ.ಎ. ಒಳಗೆ ಹೊರಟಾಗ "ಪಾಸ್ ಎಲ್ಲಿ?" ಅಂದರು. ಆ ಗತ್ತಿಗೆ ಅವನು ಜೇಬಿಗೆ ಕೈ ಹಾಕಿ ಹುಡುಕಿಯೇಬಿಟ್ಟ. ಬೇಕರಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

ಒಳಗೆ ಕರೆದರು. ಶಾಸಕರನ್ನು ಕಂಡದ್ದೇ ತಾತ ಹಿಮ್ಮಡಿ ಸೇರಿಸಿ ಸೆಲ್ಯೂಟ್ ಹೊಡೆದು, "ಗುಡ್ ಮಾರ್ನಿಂಗ್ ಮ್ಯಾನೇಜರ್ ಸಾರ್" ಅಂದರು. ಶಾಸಕರು ಉಬ್ಬಿಹೋದರು. ಎದುರಿನ ಕುರ್ಚಿಯಲ್ಲಿ ತಾವೇ ಕೈಹಿಡಿದು ಕೂರಿಸಿದರು.

ಬೇಕರಿ ಅಕ್ಕ ತನ್ನ ಕಥೆ ಹೇಳಿದಳು. ಅಂಗಡಿಯ ಮುಂದೆ ಗಾಡಿ ನಿಲ್ಲಿಸುವ ಜಗಳ, ಎದುರು ಮನೆಯವನ ಪಿಸ್ತೂಲು, ಮೆಟ್ಟಿಲ ಮೇಲೆ ಬಿದ್ದ ಗಂಡ. ಎಷ್ಟೋ ಕಡೆ ಹೇಳಿ ಹೇಳಿ ಅವಳಿಗೆ ಬ್ರೆಡ್ಡಿನ ರೇಟು ಹೇಳಿದಷ್ಟು ಸಲೀಸಾಗಿತ್ತು. ಕೊನೆಯ ಮಾತಿಗೆ ಮಾತ್ರ ಮೇಜಿನ ಅಂಚು ಹಿಡಿದುಕೊಂಡಳು. "ಅವನಿಗೆ ತಲೆ ಕೆಟ್ಟಿದೆ ಅಂತ ಅವನ ಹೆಂಡತಿ ಮೊದಲೇ ಠಾಣೆಗೆ ಹೋಗಿ ಅತ್ತಿದ್ಳಂತೆ ಸಾರ್. ಅವರೇ ಬಂದು ಸೈನ್ ಹಾಕ್ಬೇಕು ಅಂತ ಕಳಿಸಿದ್ರಂತೆ."

ಶಾಸಕರು ಕೆಟ್ಟವರೇನಲ್ಲ. ಚ್ಚು ಚ್ಚು ಅಂದರು, ನೀರು ತರಿಸಿಕೊಟ್ಟರು. ಆಮೇಲೆ ಅಭ್ಯಾಸ ಬಲದಿಂದ ಎರಡೂ ಕಡೆ ಕಾಲಿಟ್ಟರು. "ನಿಮ್ಮ ದುಃಖ ನಂಗೆ ಅರ್ಥ ಆಗುತ್ತಮ್ಮ. ಆದ್ರೆ ಒಬ್ಬ ತಲೆಕೆಟ್ಟವನು ಮಾಡಿದ್ದಕ್ಕೆ ಮರ್ಯಾದಸ್ಥರ ಮನೆಗೆಲ್ಲ ಪೊಲೀಸರನ್ನ ಕಳಿಸೋಕಾಗುತ್ತಾ? ಇಲ್ಲೇ ನೋಡಿ, ಯಜಮಾನರಿದಾರೆ. ಏನು ಯಜಮಾನ್ರೇ, ಸರ್ವೀಸಲ್ಲಿ ಒಂದು ಸಲನಾದ್ರೂ ಗುಂಡು ಹಾರಿಸಿದ್ರಾ?"

"ಇಲ್ಲ ಸಾರ್. ಹಾರಿಸೋ ಪರಿಸ್ಥಿತಿ ಬರದ ಹಾಗೆ ನೋಡ್ಕೊಳ್ಳೋದೇ ಗಾರ್ಡ್ ಕೆಲಸ."

"ಕೇಳಿದ್ರಾ?" ಶಾಸಕರು ಹೆಂಗಸರ ಕಡೆ ತಿರುಗಿದರು. "ಇಂಥವರಿಗೆ ಅವಮಾನ ಮಾಡ್ಬೇಕಾ?"

ತಾತ ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದರು. "ಈಗಲೂ ದಿನಾ ಒರೆಸಿ ಎಣ್ಣೆ ಹಾಕ್ತೀನಿ ಸಾರ್. ಒಂದು ಚುಕ್ಕೆ ತುಕ್ಕಿಲ್ಲ."

ಬ್ರೇಕಮ್ಮ ನಕ್ಕಳು. ಅಪ್ಪನ ಮರೆವಿಗೆ ನಗುವುದು ಅವಳಿಗೆ ರೂಢಿಯಾಗಿತ್ತು. "ಅಪ್ಪಾ, ಅದು ನನ್ನ ಬೀರೂಲಿದೆ. ಬೀಗದ ಕೈ ಇಲ್ಲಿದೆ ನೋಡಿ."

ತಾತ ಅವಳನ್ನು ಅಯ್ಯೋ ಪಾಪ ಅನ್ನುವಂತೆ ನೋಡಿದರು. "ಒಂದೇ ಕೈ ಇರೋ ಬೀಗ ಉಂಟೇನಮ್ಮ? ಬ್ಯಾಂಕಲ್ಲಿ ಒಂದು ಮ್ಯಾನೇಜರ್ ಹತ್ರ, ಇನ್ನೊಂದು ಕ್ಯಾಶಿಯರ್ ಹತ್ರ. ನೀನು ಬೀಗ ಹಾಕಿದ ವಾರದಲ್ಲೇ ನಾನು ಇನ್ನೊಂದು ಮಾಡಿಸಿದೀನಿ."

ಅವಳ ನಗು ಅಲ್ಲೇ ಸತ್ತಿತು. "ಬಂದೂಕು ಈಗ ಎಲ್ಲಿದೆ ಅಪ್ಪಾ?"

"ಬೀರೂಲಿ ಇಲ್ಲ."

"ಮತ್ತೆಲ್ಲಿ?"

ತಾತ ಬಾಯಿ ತೆರೆದರು. ಹಣೆ ಉಜ್ಜಿಕೊಂಡರು, ಕೋಟಿನ ಗುಂಡಿ ತಿರುವಿದರು. ಆ ಮುಖವನ್ನು ನೋಡಲಾಗದೆ ಬೇಕರಿ ಅಕ್ಕ ಕಿಟಕಿಯತ್ತ ತಿರುಗಿದಳು. ಆಮೇಲೆ ತಾತನ ಕಣ್ಣು ಬೆಳಗಿತು. "ಚಾರ್ಜ್ ಕೊಟ್ಟು ಬಂದೆ. ಡ್ಯೂಟಿ ಬಿಡುವಾಗ ಬದಲಿಯವರಿಗೆ ಒಪ್ಪಿಸದೆ ಬರ್ತೀನಾ?"

"ಯಾವ ಬದಲಿಯವರು?"

"ಹೊಸಬಳು. ಚಿಕ್ಕವಳೇ, ಆದ್ರೆ ಬಲು ಚುರುಕು. ದಿನಾ ಸಂಜೆ ಅಟೆನ್ಷನ್‌ನಲ್ಲಿ ನಿಂತು ತಗೋತಾಳೆ. ಇವತ್ತು ನಂಗೆ ಹೊರಗಡೆ ಡ್ಯೂಟಿ ಇದೆ ಅಂತ ಬೆಳಗ್ಗೇನೇ ಕೊಟ್ಟುಬಿಟ್ಟೆ. ಶಾಲೆಗೆ ಹೋಗುವಾಗ ಮಂಚದ ಕೆಳಗೆ ಇಟ್ಟು ಹೋದ್ಲು."

ಬ್ರೇಕಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ಪುಟ್ಟಿಯ ಶಾಲೆಗೆ ಇವತ್ತು ಅರ್ಧ ದಿನ. ಆಂಟಿ ಇಲ್ಲ. ಬಾಗಿಲು ತೆಗೆದುಕೊಂಡು ಒಬ್ಬಳೇ ಮನೆಯಲ್ಲಿ ಇರು ಅಂತ ಬೆಳಗ್ಗೆ ತಾನೇ ಕೀ ಕೊಟ್ಟು ಕಳಿಸಿದ್ದಳು. ಮನೆಗೆ ಫೋನ್ ಮಾಡಿದಳು. ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

"ತಡೀರಿ, ಠಾಣೆಯವರು ಹತ್ತಿರದಲ್ಲೇ ಇರ್ತಾರೆ" ಅಂದ ಶಾಸಕರು ಇನ್‌ಸ್ಪೆಕ್ಟರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ವಿಷಯ ಹೇಳಿದರು.

"ಬಂದೂಕು ಕಳುವಾಗಿದೆಯಾ ಸಾರ್?" ಅಂತು ಆ ಕಡೆಯ ದನಿ.

"ಇಲ್ಲ, ಮನೇಲೇ ಇದೆ."

"ಮನೇಲಿದ್ರೆ ಕೇಸ್ ಇಲ್ಲ ಸಾರ್. ಲೈಸೆನ್ಸ್ ಇರೋರೇ ತಂದು ಸೈನ್ ಹಾಕಿ ಕೊಟ್ರೆ ಇಟ್ಕೋತೀವಿ. ನಾವಾಗಿ ಒಳಗೆ ನುಗ್ಗಿ ತಗೊಂಡ್ರೆ ನಾಳೆ ನಮ್ಮ ಕುತ್ತಿಗೆಗೇ ಬರುತ್ತೆ."

"ರೀ, ನಾನು ಹೇಳ್ತಿದೀನಲ್ರೀ."

"ನೀವು ಹೇಳ್ತೀರಿ ಸಾರ್. ಕಾನೂನಲ್ಲೂ ಇರ್ಬೇಕಲ್ಲ."

ಆಗ ಶಾಸಕರ ಮುಖ ನೋಡಬೇಕಿತ್ತು. ಆದರೆ ನೋಡಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಬ್ರೇಕಮ್ಮ ಅಪ್ಪನ ತೋಳು ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಪಾಠದ ಕಾರಿನ ಹಿಂಬಾಗಿಲು ತೆಗೆದು ಬೇಕರಿ ಅಕ್ಕ ಕೂತಳು, ಅವಳ ಹಿಂದೆಯೇ ಶಾಸಕರೂ ತೂರಿಕೊಂಡರು. ಯಾಕೆ ಬಂದಿರಿ ಅಂತ ಯಾರೂ ಕೇಳಲಿಲ್ಲ. ಅವರನ್ನೇ ಕೇಳಿದ್ದರೆ ಅವರಿಗೂ ಉತ್ತರ ಗೊತ್ತಿರಲಿಲ್ಲ. ಕೆಂಪು ದೀಪ ಕಂಡರೆ ದೂರದಿಂದಲೇ ನಿಧಾನಿಸುವ ಬ್ರೇಕಮ್ಮ ಆವತ್ತು ಮುರಿಯದ ನಿಯಮವಿಲ್ಲ. ತಾತ ಪಕ್ಕದಲ್ಲಿ ಕೂತು, "ಅಷ್ಟು ಜೋರಾಗಿ ಬೇಡಮ್ಮ" ಅನ್ನುತ್ತಿದ್ದರು.

ಮನೆಯ ಬಾಗಿಲು ಓರೆಯಾಗಿ ತೆರೆದಿತ್ತು. ಶಾಲೆಯ ಚೀಲ ಹಜಾರದಲ್ಲಿ ಬಿದ್ದಿತ್ತು, ಶೂಗಳು ಅಲ್ಲೊಂದು ಇಲ್ಲೊಂದು. ಮಲಗುವ ಕೋಣೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಪುಟ್ಟಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ತೊಡೆಯ ಮೇಲೆ ಅಡ್ಡಲಾಗಿ ಬಂದೂಕು, ಹೆಚ್ಚು ಕಡಿಮೆ ಅವಳಷ್ಟೇ ಉದ್ದ.

"ಪುಟ್ಟಿ, ಫೋನ್ ಯಾಕೆ ಎತ್ತಲಿಲ್ಲ?" ಅಂದಳು ಬ್ರೇಕಮ್ಮ.

"ಡ್ಯೂಟೀಲಿ ಫೋನ್ ಎತ್ತಬಾರದು. ತಾತ ಹೇಳಿದಾರೆ."

"ಅದನ್ನ ಕೆಳಗಿಡು ಚಿನ್ನ."

"ಕೆಳಗೂ ಇಡಬಾರದು" ಅಂದ ಮಗು, ಅಮ್ಮನ ಹಿಂದೆ ಗುರುತಿಲ್ಲದ ಗಂಡಸೊಬ್ಬರನ್ನು ಕಂಡು ಟಪ್ಪನೆ ಎದ್ದು ನಿಂತಿತು. ಕಲಿತದ್ದನ್ನು ತೋರಿಸಲು ಅದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಕ್ಕೀತು? ಎರಡೂ ಕೈಯಲ್ಲಿ ಬಂದೂಕನ್ನು ಎತ್ತಿ, ಭಾರಕ್ಕೆ ತೂರಾಡುತ್ತಾ, ನಳಿಗೆಯನ್ನು ನೇರ ಶಾಸಕರ ಹೊಟ್ಟೆಗೆ ಹಿಡಿದು ನಗುತ್ತಾ ಕೇಳಿತು: "ನಿಲ್ಲಿ. ಯಾರದು?"

ಶಾಸಕರು ಗೋಡೆಗೆ ಅಂಟಿಕೊಂಡರು. ಬಂದೂಕಿನ ಬಗ್ಗೆ ಎರಡೂ ಕಡೆಗೂ ಗಂಟೆಗಟ್ಟಲೆ ಭಾಷಣ ಮಾಡಬಲ್ಲ ಮನುಷ್ಯನಿಗೆ ತನ್ನ ಹೆಸರು ಹೇಳಲು ಬಾಯಿ ಬರಲಿಲ್ಲ. ಬ್ರೇಕಮ್ಮ ಹೆಜ್ಜೆ ಮುಂದಿಟ್ಟರೆ ನಳಿಗೆ ಅವಳತ್ತ ಹೊರಳುತ್ತಿತ್ತು, ನಿಂತರೆ ಮಗುವಿನ ಬೆರಳು ಎಲ್ಲಿದೆ ಅಂತ ಕಾಣುತ್ತಿರಲಿಲ್ಲ. ತಾನೇ ಹೆತ್ತ ಮಗಳ ಮುಂದೆ ಅವಳು ಎರಡೂ ಕೈ ಮೇಲೆತ್ತಿ ನಿಂತಳು. ಏನೂ ಆಗಿಲ್ವಲ್ಲಕ್ಕ ಅಂದವಳು ತಾನೇ ಅಲ್ಲವೇ?

ತಾತ ಅವರೆಲ್ಲರನ್ನೂ ದಾಟಿಕೊಂಡು, ಆಫೀಸಿಗೆ ಬಂದವರ ಹಾಗೆ ನಿರಾಳವಾಗಿ ಒಳಗೆ ಹೋದರು. ಮೊಮ್ಮಗಳ ಎದುರು ಅಟೆನ್ಷನ್‌ನಲ್ಲಿ ನಿಂತರು.

"ಏನಾದ್ರೂ ವಿಶೇಷ?"

"ಏನಿಲ್ಲ ತಾತ. ಎಲ್ಲ ಸರಿಯಾಗಿದೆ."

"ಹಾಗಾದ್ರೆ ಚಾರ್ಜ್ ಕೊಡು."

ಪುಟ್ಟಿ ನಳಿಗೆಯನ್ನು ಸೂರಿನ ಕಡೆ ಮಾಡಿ, ಶಿಸ್ತಾಗಿ ಬಂದೂಕನ್ನು ಒಪ್ಪಿಸಿದಳು. ಬ್ರೇಕಮ್ಮ ಅವಳನ್ನು ಬಾಚಿ ಎತ್ತಿಕೊಂಡಳು. ಅಷ್ಟು ದೊಡ್ಡ ಹುಡುಗಿಯನ್ನು ಎತ್ತಿಕೊಂಡು ವರ್ಷಗಳಾಗಿದ್ದವು. ಮಗುವಿನ ತಲೆಗೂದಲಲ್ಲಿ ಮುಖವಿಟ್ಟು ಜೋರಾಗಿ ಅತ್ತುಬಿಟ್ಟಳು. "ನಾನೇನು ತಪ್ಪು ಮಾಡಿದೆ?" ಅಂತ ಪುಟ್ಟಿಯೂ ಅಳತೊಡಗಿದಳು.

ತಾತನಿಗೆ ಅದೊಂದೂ ಕಿವಿಗೆ ಬಿದ್ದಂತಿರಲಿಲ್ಲ. ಅವರು ಶಾಸಕರ ಎದುರು ಹೋಗಿ ನಿಂತರು. ಒಪ್ಪಿಸುವ ಮೊದಲು ಖಾಲಿ ಇದೆ ಅಂತ ತೆರೆದು ತೋರಿಸುವುದು ಬ್ಯಾಂಕಿನ ಪದ್ಧತಿ. ಪದ್ಧತಿಯಂತೆ ಬಂದೂಕನ್ನು ಮಡಿಸಿ ತೆರೆದು, ನಳಿಗೆಯನ್ನು ಮೇಲಕ್ಕೆ ಎತ್ತಿದರು. ಎರಡು ತೋಟಾ ಜಾರಿ, ಟಕ್ ಟಕ್ ಅಂತ ನೆಲಕ್ಕೆ ಬಿದ್ದು ಶಾಸಕರ ಬೂಟಿನ ಹತ್ತಿರಕ್ಕೆ ಉರುಳಿದವು.

ತಾತ ಬಗ್ಗಿ ನೋಡಿದರು. "ಇದನ್ನ ಯಾರು ಹಾಕಿದ್ದು?" ಅಂದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು, ಯಾರಾದರೂ ಹೇಳುತ್ತಾರೇನೋ ಅಂತ. ಆಮೇಲೆ ಬಂದೂಕನ್ನು ಶಾಸಕರ ಕೈಗಿಟ್ಟರು. "ತಗೊಳ್ಳಿ ಮ್ಯಾನೇಜರ್ ಸಾರ್. ನಂಗೆ ಯಾಕೋ ಇವತ್ತು ಸುಸ್ತು. ಇನ್ನು ಮನೆಗೆ ಹೋಗ್ತೀನಿ. ಮಗಳು ಕಾಯ್ತಿರ್ತಾಳೆ."

ಬ್ರೇಕಮ್ಮ ಮಗುವನ್ನು ಇಳಿಸಿ, ಅಪ್ಪನ ಕೈ ಹಿಡಿದು, ಅವರದೇ ಕುರ್ಚಿಯಲ್ಲಿ ಅವರನ್ನು ಕೂರಿಸಿದಳು. ಕೋಟಿನ ಗುಂಡಿ ಬಿಚ್ಚಿದಳು. ಬೇಕರಿ ಅಕ್ಕ ತೋಟಾಗಳನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡು ಅವುಗಳನ್ನೇ ನೋಡುತ್ತಾ ನಿಂತಳು.

ಶಾಸಕರು ಹಜಾರದ ನಡುವೆ ಬಂದೂಕು ಹಿಡಿದು ನಿಂತೇ ಇದ್ದರು. ಗೋಡೆಗೆ ಒರಗಿಸಲು ಹೋಗಿ, ಮಗುವನ್ನು ನೋಡಿ, ಕೈ ಹಿಂದಕ್ಕೆಳೆದುಕೊಂಡರು. ಬೀರುವಿನ ಕಡೆ ನೋಡಿದರು. ಬಾಗಿಲ ಕಡೆ ನೋಡಿದರು.

"ಇದನ್ನ ಎಲ್ಲಿಡ್ಲಮ್ಮ ನಾನು?" ಅಂದರು.

ಬ್ರೇಕಮ್ಮ ಅಪ್ಪನ ಕೋಟನ್ನು ಮಡಿಸುತ್ತಿದ್ದಳು. ತಲೆ ಎತ್ತಿದಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ನಮಗೂ ಅದು ಗೊತ್ತಾಗದೇನೇ ನಿಮ್ಮ ಹತ್ರ ಬಂದಿದ್ದು ಸಾರ್" ಅಂದಳು.