ನಲವತ್ತೊಂದು ಪ್ಯಾಕೇಜುಗಳ ಉಸ್ತುವಾರಿ

ಅಪ್ಪನ ಶವವನ್ನು ಹೊರಗೆ ಸಾಗಿಸಲು ದಾರಿಯಾಗಲೆಂದು ಕುರ್ಚಿಗಳನ್ನು ಎಳೆಯುತ್ತಿದ್ದ ಮಗಳು, ಅಪ್ಪನ ಕಂಪ್ಯೂಟರ್ ತಂಡದಿಂದ ಬಂದಿದ್ದ ಗಡ್ಡದವರ ಮಾತು ಕೇಳಿ ಕೈಯಲ್ಲಿದ್ದುದನ್ನು ದಡ್ಡೆಂದು ಕುಕ್ಕಿದಳು.

“ಏನಂದ್ರಿ? ಇನ್ನೊಂದ್ಸಲ ಹೇಳಿ.”

“ನಮ್ಮ ತಂಡದವರೆಲ್ಲ ಸೇರಿ ತೀರ್ಮಾನ ಮಾಡಿದೀವಮ್ಮಾ. ನಿಮ್ಮ ತಂದೆ ನೋಡ್ಕೊಳ್ತಿದ್ದ ನಲವತ್ತೊಂದು ಪ್ಯಾಕೇಜೂ ಒಂದು ವರ್ಷ ಅವರ ಹೆಸರಲ್ಲೇ ಇರ್ತವೆ. ಯಾರೂ ಮುಟ್ಟೋದಿಲ್ಲ. ನಮ್ಮ ಕಡೆಯಿಂದ ಅದೇ ಗೌರವ.”

ಅತ್ತೆ ಕಣ್ಣೊರೆಸಿಕೊಂಡಳು. “ನೋಡೇ, ನಮ್ಮಣ್ಣಂಗೆ ಎಷ್ಟು ಮರ್ಯಾದೆ!”

ಮಗಳಿಗೆ ಮೈಯೆಲ್ಲ ಉರಿಯಿತು. ಅಪ್ಪ ಹಗಲು ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಗುಮಾಸ್ತ. ಮನೆಗೆ ಬಂದರೆ, ಸ್ವಯಂಸೇವಕರೇ ಕಟ್ಟಿ ಲೋಕಕ್ಕೆಲ್ಲ ಪುಕ್ಕಟೆ ಹಂಚುವ ಒಂದು ಕಂಪ್ಯೂಟರ್ ವ್ಯವಸ್ಥೆಯ ಸೇವಕ. ಅದರಲ್ಲಿ ಒಂದೊಂದು ಪ್ಯಾಕೇಜಿಗೆ, ಅಂದರೆ ಒಂದೊಂದು ಪ್ರೋಗ್ರಾಮಿಗೆ, ಒಬ್ಬೊಬ್ಬ ಉಸ್ತುವಾರಿ. ಬೇರೆಯವರು ಕೈಬಿಟ್ಟದ್ದನ್ನೆಲ್ಲ ಅಪ್ಪ ಬೀದಿ ಬೆಕ್ಕುಗಳ ಹಾಗೆ ತಂದುಕೊಂಡಿದ್ದರು. ತಂದರು, ಸರಿ. ಹಾಲು ಹಾಕಿದವರು ಯಾರು?

*

“ಎಂಬತ್ತು ದೂರು ಬಂದು ಕೂತಿದೆಯಲ್ಲಪ್ಪಾ, ಒಂದಕ್ಕೂ ಉತ್ತರ ಇಲ್ಲ,” ಎಂದು ಎರಡು ವರ್ಷದ ಹಿಂದೆ ಅವಳು ಕೇಳಿದ್ದಳು.

“ಭಾನುವಾರ ಮಾಡ್ತೀನಿ.”

“ಯಾವ ಭಾನುವಾರ? ಆಗದಿದ್ರೆ ಬಿಟ್ಟುಕೊಡಿ, ಮಾಡೋರು ಮಾಡ್ಲಿ.”

“ನಾನು ಬಿಟ್ರೆ ಅವು ಅನಾಥ ಆಗ್ತವೆ,” ಎಂದು ಅಪ್ಪ ತಟ್ಟೆಯಲ್ಲಿದ್ದುದನ್ನು ಕಲಸುತ್ತಲೇ ಕೂತರು.

ಡಿಪೋದಲ್ಲಿ ಮೂವತ್ತು ವರ್ಷ ಅವರನ್ನು ಕ್ಯಾರೇ ಎಂದವರಿಲ್ಲ. ಇಲ್ಲಿ ಕಂಡರಿಯದವರು ಎಂದೋ ಒಮ್ಮೆ ಧನ್ಯವಾದ ಬರೆಯುತ್ತಿದ್ದರು. ಆ ಒಂದು ಮಾತಿನಾಸೆಗೆ ಅಪ್ಪ ತಾನೂ ಮಾಡದೆ, ಮಾಡುವವರಿಗೂ ಬಿಡದೆ ಕಾಲ ತಳ್ಳಿದರು. ಪಾಪ ಎನ್ನಿಸಿ ಅವಳು ಸುಮ್ಮನಾಗಿದ್ದಳು.

*

“ಒಂದು ವರ್ಷಾನಾ?” ಬಾಗಿಲಲ್ಲಿ ನಿಂತಿದ್ದ ಅಪರಿಚಿತ ಹೆಂಗಸೊಬ್ಬಳು ತಡೆಯಲಾರದೆ ಕೇಳಿದಳು. “ಕ್ಷಮಿಸಿ. ಉಚಿತ ಆಸ್ಪತ್ರೇಲಿ ಔಷಧಿ ಕೊಡೋಳು ನಾನು. ಮುಖಾಮುಖಿ ಕೇಳೇಬಿಡೋಣ ಅಂತ ವಿಳಾಸ ಹುಡುಕ್ಕೊಂಡು ಬಂದೆ. ತೀರಿಕೊಂಡಿದ್ದು ಇಲ್ಲಿ ಬಂದ ಮೇಲೇ ಗೊತ್ತಾಗಿದ್ದು.”

“ಏನು ಕೇಳ್ಬೇಕಿತ್ತು?” ಎಂದಳು ಮಗಳು.

“ಮಾತ್ರೆ ಪೊಟ್ಟಣದ ಮೇಲೆ ಚೀಟಿ ಅಚ್ಚಾಗೋದು ಇವರ ಪ್ಯಾಕೇಜಿಂದ. ಒಂದು, ಓರೆ ಗೆರೆ, ಎರಡು ಅಂತ ಅರ್ಧ ಮಾತ್ರೆ ಬರೆದ್ರೆ ಮಧ್ಯದ ಗೆರೆ ಬೀಳಲ್ಲ. ಒಂದು ಎರಡು ಅಂಟಿಕೊಂಡು ಹನ್ನೆರಡು ಅಂತ ಬರುತ್ತೆ. ನಾನೇ ಕಷ್ಟಪಟ್ಟು ಕಲಿತು ನಾಲ್ಕು ಸಾಲಿನ ರಿಪೇರಿ ಬರೆದು ಕಳಿಸಿದೆ. ಮೂರು ವರ್ಷ ಆಯ್ತು. ಅಲ್ಲಿಂದ ದಿನಾ ಪೆನ್ನಲ್ಲಿ ಗೆರೆ ಎಳೀತಿದೀನಿ. ಹೋದ ವಾರ ನಾನು ರಜೆ ಇದ್ದೆ. ಒಬ್ಬ ಅಜ್ಜಿ ಹನ್ನೆರಡೂ ನುಂಗಿಬಿಟ್ಲು. ಜೀವ ಉಳೀತು. ಕಿಡ್ನಿ ಹೋಯ್ತು.”

ತಾನು ಪಾಪ ಎಂದು ಸುಮ್ಮನಾದದ್ದು ನೆನಪಾಗಿ ಮಗಳಿಗೆ ತನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕೆನ್ನಿಸಿತು.

“ನಿಮಗೆ ಇದು ಗೊತ್ತಿತ್ತಾ?” ಎಂದು ಗಡ್ಡದವರನ್ನು ಕೇಳಿದಳು.

“ದೂರು ಕಂಡಿತ್ತು... ಆದ್ರೆ ಇನ್ನೊಬ್ಬರ ಪ್ಯಾಕೇಜಿಗೆ ಕೈ ಹಾಕೋದು ನಮ್ಮಲ್ಲಿ ಮರ್ಯಾದೆ ಅಲ್ಲ. ಉಸ್ತುವಾರಿ ತಾನಾಗೇ ಬಿಟ್ಟುಕೊಡ್ಬೇಕು.”

“ಅಲ್ಲೇ ಮಲಗಿದಾರೆ. ಹೋಗಿ ಕೇಳಿ, ಬಿಟ್ಟುಕೊಡ್ತಾರಾ ಅಂತ.”

“ಸತ್ತೋರ ಮೇಲೆ ಏನೇ ನಿನ್ನ ಸಿಟ್ಟು!” ಅತ್ತೆ ಅವಳ ತೋಳು ಹಿಡಿದಳು.

“ಇದ್ದೋರ ಮೇಲೂ ಇದೆ ಅತ್ತೆ. ಮರ್ಯಾದೆ ಅಂತೆ! ನಿಮ್ಮ ಮರ್ಯಾದೆಗೆ ಬೆಂಕಿ ಬಿತ್ತು. ನೀವು ತಂಡದ ಹಿರಿಯರು, ಅವರ ಹೆಸರು ತೆಗೆಯೋ ಅಧಿಕಾರ ನಿಮಗಿದೆ ತಾನೆ? ಕೂತ್ಕೊಳ್ಳಿ.”

ಗಡ್ಡದವರು ಅಪ್ಪನ ಮೇಜಿನ ಮುಂದೆ ಕೂತು ತಮ್ಮ ಲ್ಯಾಪ್‌ಟಾಪ್ ತೆರೆದರು. ಔಷಧಿಯವಳು ಪಕ್ಕದಲ್ಲಿ ನಿಂತು ತನ್ನ ನಾಲ್ಕು ಸಾಲು ತೋರಿಸಿದಳು. ಅವರು ಅದನ್ನು ಎರಡೆರಡು ಸಲ ಓದಿದರು, ಪರೀಕ್ಷಿಸಿದರು, ಸೇರಿಸಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಉಸ್ತುವಾರಿ ಎಂಬ ಜಾಗದಲ್ಲಿದ್ದ ಅಪ್ಪನ ಹೆಸರನ್ನೂ ಅಳಿಸಿದರು.

“ಒಂದಾಯ್ತಲ್ಲ, ಸಾಕಾ?”

“ಮಿಕ್ಕಿದ್ದರಲ್ಲಿ ಯಾರ ಯಾರ ಅಜ್ಜಿ ಇದಾರೋ. ಎಲ್ಲಾ ತೆಗೀರಿ. ಮಾಡೋರಿಗೆ ಬಿಡಿ.”

ಗಡ್ಡದವರು ಇನ್ನೆರಡರಿಂದ ಹೆಸರು ತೆಗೆಯುವಷ್ಟರಲ್ಲಿ ಹೊರಗೆ ವ್ಯಾನಿನವನು ಎರಡು ಸಲ ಹಾರ್ನ್ ಹೊಡೆದ. ಡಿಪೋದಿಂದ ಬಂದಿದ್ದ ನಾಲ್ವರು ಒಳಬಂದು, ಬಗ್ಗಿ, ಅಪ್ಪನನ್ನು ಎತ್ತಿದರು.

“ಹೊತ್ತಾಯ್ತು ಕಣಮ್ಮಾ, ಹೊರಡೋಣ್ವಾ?” ಎಂದು ಅವರಲ್ಲೊಬ್ಬ ಕೇಳಿದ.

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಇನ್ನೂ ಮೂವತ್ತೆಂಟಿವೆ,” ಎಂದಳು. “ನಿಲ್ಲಿ.”

ನಾಲ್ವರೂ ಮುಖ ಮುಖ ನೋಡಿಕೊಂಡರು. ಆಮೇಲೆ ಎತ್ತಿದ್ದ ಅಪ್ಪನನ್ನು ಮೆಲ್ಲನೆ ಮತ್ತೆ ಕೆಳಗಿಟ್ಟರು.