ಸುಂಬಳವಿಲ್ಲದ ಅಳು

ಹನುಮಸಾಗರದ ಹಂಪವ್ವನಿಗೆ ಸಿನಿಮಾ ಎಂದರೆ ಹೇಸಿಗೆ. ಹಾಗಂತ ನೋಡುವುದನ್ನು ಬಿಟ್ಟಿದ್ದಳೇ ಎಂದರೆ ಅದೂ ಇಲ್ಲ. ಮಧ್ಯಾಹ್ನ ರೊಟ್ಟಿ ಉಂಡು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಗೋಡೆಗೆ ಒರಗಿದಳೆಂದರೆ ಸೊಸೆ ಶೈಲಶ್ರೀ ಟಿವಿ ಹಚ್ಚಬೇಕು, ಪಕ್ಕದ ಮನೆಯ ಬಾನುಬೀ ಬಂದು ಹೊಸ್ತಿಲ ಬದಿಗೆ ಕೂರಬೇಕು. ಮಗ ಗೌರೀಶ ಬಸ್‌ಸ್ಟ್ಯಾಂಡಿನ ಎದುರು ಪಂಪ್‌ಸೆಟ್ಟಿನ ಮೋಟಾರು ಸುತ್ತುವ ಅಂಗಡಿ ಇಟ್ಟವನು. ಅರ್ಧ ಗೋಡೆ ನುಂಗುವಂಥ ಟಿವಿ ತಂದು ಹಾಕಿ, ಅದಕ್ಕೆ ಇಂಟರ್ನೆಟ್ಟೂ ಕೊಡಿಸಿದ್ದ. ಅಂದಿನಿಂದ ದಿನಕ್ಕೊಂದು ಸಿನಿಮಾ, ದಿನಕ್ಕೆ ಹತ್ತು ಸಲ ಹಂಪವ್ವನ ಥೂ.

ಅವಳು ಕಥೆ ನೋಡುವವಳಲ್ಲ, ಕುಣಿತ ನೋಡುವವಳೂ ಅಲ್ಲ. ಅವಳು ನೋಡುತ್ತಿದ್ದುದು ಅಳುವುದನ್ನು. ಅದಕ್ಕೆ ಕಾರಣವಿತ್ತು. ಅಳುವುದರಲ್ಲಿ ಹಂಪವ್ವ ಎತ್ತಿದ ಕೈ. ಈ ಕಡೆ ಯಾರಾದರೂ ಸತ್ತರೆ ಹೆಂಗಸರು ಸುಮ್ಮನೆ ಕಣ್ಣೀರು ಹಾಕಿ ಏಳುವುದಿಲ್ಲ. ಹೆಣದ ಎದುರು ಕೂತು, ಸತ್ತವರ ಗುಣ ಎತ್ತಿ ಹಾಡಿ ಹಾಡಿ ಅಳುತ್ತಾರೆ. ನಲವತ್ತು ವರ್ಷದಿಂದ ಆ ಊರಿನ ಒಂದು ಸಾವೂ ಹಂಪವ್ವನ ಅಳುವಿಲ್ಲದೆ ಮಣ್ಣಿಗೆ ಹೋಗಿರಲಿಲ್ಲ. ಕರೆಯಲು ಯಾರೂ ಬರಬೇಕಿರಲಿಲ್ಲ. ಹೋಗಿ ಕೂತಳೆಂದರೆ ಸತ್ತವನು ಏನು ತಿನ್ನುತ್ತಿದ್ದ, ಯಾರನ್ನು ಬೈಯುತ್ತಿದ್ದ, ಮಗಳ ಮನೆಗೆ ಹೋಗುವಾಗ ಕೈಚೀಲದಲ್ಲಿ ಏನು ಒಯ್ಯುತ್ತಿದ್ದ ಎಲ್ಲ ಹಾಡಾಗಿ ಬರುತ್ತಿತ್ತು. ಸತ್ತವನ ಜೊತೆ ಹತ್ತು ವರ್ಷ ಮಾತು ಬಿಟ್ಟವನೂ ಅದನ್ನು ಕೇಳಿ ಮುಖ ಮುಚ್ಚಿಕೊಳ್ಳುತ್ತಿದ್ದ. ಇಂಥವಳ ಎದುರಿಗೆ ಸಿನಿಮಾದವರು ತಮ್ಮ ಅಳು ತಂದಿಟ್ಟರೆ ಏನಾದೀತು?

ಒಂದು ದಿನ ನಾಯಕಿಯ ಗಂಡ ಸತ್ತ. ನಾಯಕಿ ಮಂಚದ ಮೇಲೆ ಬಿದ್ದು ಅತ್ತಳು. ಕಾಡಿಗೆ ಕದಡಲಿಲ್ಲ, ತುಟಿಯ ಬಣ್ಣ ಹೋಗಲಿಲ್ಲ. ಒಂದೇ ಒಂದು ಹನಿ ಕೆನ್ನೆಯ ನಡುವೆ ಬಂದು ನಿಂತಿತು.

"ಥೂ ಇಕಿನ! ಮೂಗು ನೋಡಬೇ ಬಾನು, ಮೂಗು! ಒಣಾ ಒಣಾ ಐತಿ. ಸುಂಬಳ ಬರಲಾರದ ಅಳು ಅದೇನ ಅಳು? ಗಂಡ ಸತ್ತಾನೋ, ಕಣ್ಣಾಗ ಹುಳಾ ಬಿದ್ದೈತೋ?"

ಇನ್ನೊಂದು ದಿನ ತಾಯಿ ಸತ್ತಳೆಂದು ನಾಯಕ ಮಳೆಯಲ್ಲಿ ನಿಂತು, ಕೊರಳ ನರ ಉಬ್ಬಿಸಿ ಆಕಾಶಕ್ಕೆ ಮುಖ ಮಾಡಿ ಕೂಗಿದ. "ಯಾಕ ಒದರಾಕತ್ತಾನ ಇಂವ? ಅವ್ವ ಮಾಳಗಿ ಹತ್ತಿ ಕುಂತಾಳೇನು?" ಎಂದಳು ಹಂಪವ್ವ. ಬಾನುಬೀ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.

ಮತ್ತೊಂದರಲ್ಲಿ ಒಬ್ಬನೇ ಒಬ್ಬ ಮಚ್ಚು ಹಿಡಿದು ನೂರಾರು ಜನರನ್ನು ಕೊಚ್ಚಿ ಹಾಕಿದ. ಶೈಲಶ್ರೀ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಹಂಪವ್ವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಇಷ್ಟು ಮಂದಿ ಸತ್ರಲ್ಲ, ಒಬ್ಬನ ಅವ್ವರೆ ಬಂದ್ಲೇನು? ಹೆಂಡ್ತಿ? ಅಕ್ಕ? ಇವರೆಲ್ಲಾ ಹುಟ್ಟಿದ್ದೆಲ್ಲಿ ಹಂಗಾರ, ಸಂತ್ಯಾಗ ಸಿಕ್ಕರೇನು?"

"ಅತ್ತೀ, ಅವರೆಲ್ಲಾ ವಿಲನ್ ಕಡಿಯವ್ರು ಅದಾರ್ರಿ."

"ವಿಲನ್ನನ ಕಡಿಯವ್ರಿಗಿ ಅವ್ವ ಇರಂಗಿಲ್ಲೇನು?"

ಇಷ್ಟೆಲ್ಲ ಜನರಿಗೆ ಅತ್ತ ಹಂಪವ್ವ ತನ್ನ ಗಂಡನಿಗೆ ಮಾತ್ರ ಅತ್ತಿರಲಿಲ್ಲ. ಊರವರ ಮನೆ ಕಟ್ಟುತ್ತಿದ್ದ ಗೌಂಡಿ ಕನಕಪ್ಪ ಕೊರೊನಾದ ಎರಡನೆಯ ಅಲೆಯಲ್ಲಿ ಕೊಪ್ಪಳದ ಆಸ್ಪತ್ರೆಯಲ್ಲಿ ತೀರಿಕೊಂಡ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು, ಮಣ್ಣು ಕೊಟ್ಟರು. ಗೌರೀಶ ದೂರದಲ್ಲಿ ನಿಂತು ನೋಡಿ ಬಂದ. ಹಂಪವ್ವನಿಗೆ ಮುಖ ಹೋಗಲಿ, ಪಾದ ಕೂಡ ತೋರಿಸಲಿಲ್ಲ. ಸತ್ತವರನ್ನು ಗೋಡೆಗೆ ಆನಿಸಿ ಕೂರಿಸಿ, ಹೂವು ಹಾಕಿ, ಎದುರು ಕೂತು ಅವರಿಗೇ ಕೇಳಿಸುವಂತೆ ಅಳುವುದು ಅವರ ಪದ್ಧತಿ. ಗೋಡೆ ಇತ್ತು, ಗಂಡ ಇರಲಿಲ್ಲ. ಬರಿಗೋಡೆಗೆ ಅಳುವುದು ಹೇಗೆ? ಅಳು ಹೊಟ್ಟೆಯಲ್ಲೇ ಉಳಿದುಬಿಟ್ಟಿತು. ಆಮೇಲೆ ಊರವರ ಸಾವಿಗೆ ಹೋಗಿ ಅಳುವಾಗೆಲ್ಲ ಅದು ಒಳಗೊಳಗೇ ಹೊರಳಾಡುತ್ತಿತ್ತು. ಆದರೆ ಬೇರೆಯವರ ಹೆಣದ ಮುಂದೆ ತನ್ನ ಗಂಡನಿಗೆ ಅಳುವಂಥ ಹೆಂಗಸಲ್ಲ ಅವಳು.

ಎರಡು ವರ್ಷದ ಹಿಂದೆ ಇಟಗಿಯಲ್ಲಿ ಯಾವುದೋ ಸಿನಿಮಾದ ಶೂಟಿಂಗು ನಡೆಯಿತು. ಶೂಟಿಂಗಿಗೆ ಸುತ್ತಲಿನ ಊರುಗಳಿಂದ ಜನ ಹೊಂದಿಸಿಕೊಡುತ್ತಿದ್ದ ಕುಷ್ಟಗಿಯ ಆಂಜನೇಯ ಎಂಬವನು ಹಂಪವ್ವನ ಹೆಸರು ಕೇಳಿ ಮನೆಗೇ ಕಾರು ತಂದ. ಸಾವಿನ ದೃಶ್ಯವಂತೆ, ಅಳಬೇಕಂತೆ. ಸಿನಿಮಾದವರಿಗೆ ಅಳು ಎಂದರೆ ಏನೆಂದು ಒಮ್ಮೆ ತೋರಿಸಿಯೇ ಬರೋಣವೆಂದು ಹಂಪವ್ವ ಇಳಕಲ್ಲು ಸೀರೆ ಉಟ್ಟು ಹೊರಟಳು. ಗೌರೀಶನಿಗೆ ಅಂಗಡಿ ಬಿಟ್ಟು ಹೋಗಲಾಗಲಿಲ್ಲ.

ಇಟಗಿಯ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಮನೆಯ ಅಂಗಳ. ಮೂಗಿಗೆ ಹತ್ತಿ ಇಟ್ಟುಕೊಂಡು, ಹೂವಿನ ಹಾರ ಹಾಕಿಕೊಂಡು ಒಬ್ಬ ನಟ ಚಾಪೆಯ ಮೇಲೆ ಮಲಗಿದ್ದ.

"ನಮ್ಮ ಕಡಿ ಹೆಣಾ ಹಿಂಗ ಮಲಗಸಂಗಿಲ್ರಿ, ಕೂಡ್ರಸ್ತಾರ," ಎಂದಳು ಹಂಪವ್ವ.

"ಇರಲಿ ಅಜ್ಜಿ, ನಮಗೆ ಮಲಗಿದ್ದೇ ಬೇಕು," ಎಂದ ಬೆಂಗಳೂರಿನ ನಿರ್ದೇಶಕ. "ನಿಮಗೆ ಹೇಗೆ ಬರುತ್ತೋ ಹಾಗೆ ಅಳಿ."

"ಸತ್ತಾಂವನ ಹೆಸರು ಭೀಮಪ್ಪ. ಮರೀಬ್ಯಾಡ ಆಯಿ," ಎಂದು ಆಂಜನೇಯ ಕಿವಿಯಲ್ಲಿ ಹೇಳಿದ.

ಹಂಪವ್ವ ಕೂತಳು. ಭೀಮಪ್ಪಾ ಎಂದು ನಾಲ್ಕು ಸಾಲು ಹಾಡಿದಳು. ಗಂಟಲಿಂದ ಮೇಲಕ್ಕಷ್ಟೇ ಬಂದ ಅಳು ಅದು, ಅವಳಿಗೇ ಅಸಹ್ಯವಾಯಿತು. ಆಗ ಕಣ್ಣು ಆ ನಟನ ಪಾದದ ಮೇಲೆ ಬಿತ್ತು. ಬಡವನ ಪಾತ್ರವೆಂದು ಹಿಮ್ಮಡಿಗೆ ಸುಣ್ಣವೋ ಬೂದಿಯೋ ಬಳಿದು ಬಿರುಕು ಬಿಟ್ಟಂತೆ ಮಾಡಿದ್ದರು. ಕನಕಪ್ಪನ ಹಿಮ್ಮಡಿ ಸಿಮೆಂಟು ತಿಂದು ಹೀಗೇ ಬಿರಿದಿತ್ತು. ರಾತ್ರಿ ಮಲಗುವ ಮುಂಚೆ ಅವಳೇ ಅದಕ್ಕೆ ಎಣ್ಣೆ ಹಚ್ಚುತ್ತಿದ್ದಳು. ಹಂಪವ್ವನ ಎದೆಯಲ್ಲಿ ಏನೋ ಕಳಚಿ ಬಿತ್ತು.

*ಊರ ಮಂದಿಗೆಲ್ಲ ಗ್ವಾಡೀಯ ಕಟ್ಟೀದಿ*
*ನೀ ಆತು ಕೂಡಾಕ ಗ್ವಾಡಿಲ್ಲೊ, ನನ ದೊರಿಯೆ*
*ಕನಕಪ್ಪಾ...*

ಮೂವತ್ತೆಂಟು ವರ್ಷ ಸಂಸಾರ ಮಾಡಿದರೂ ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಅಂದು ಅದು ತಾನೇ ಬಂತು. ಬಂದಮೇಲೆ ನಿಲ್ಲಲಿಲ್ಲ. ಹತ್ತು ನಿಮಿಷ ಅತ್ತಳು. ಅವನ ಕರಣಿ, ಅವನ ತೂಗುಗುಂಡು, ಕಿವಿಯ ಹಿಂದಿನ ಬೀಡಿ, ಕುಷ್ಟಗಿ ಸಂತೆಯಿಂದ ತರುತ್ತಿದ್ದ ಜಿಲೇಬಿ, ಕೊನೆಗೆ ಪ್ಲಾಸ್ಟಿಕ್ಕಿನ ಗಂಟು, ಎಲ್ಲವನ್ನೂ ಅತ್ತಳು. ಕ್ಯಾಮೆರಾದ ಹುಡುಗಿಯೊಬ್ಬಳು ಬಿಕ್ಕುತ್ತಿದ್ದಳು. ನಿರ್ದೇಶಕ ಕೈ ಮುಗಿದ. ಹಂಪವ್ವ ಮೂಗು ಒರೆಸಿಕೊಂಡು, ನಾಚಿಕೊಂಡು, "ಹೆಸರು ತಪ್ಪಿ ಬಂತ್ರೀ," ಎಂದಳು. "ಪರವಾಗಿಲ್ಲ ಅಜ್ಜಿ, ಆಮೇಲೆ ಸರಿಮಾಡ್ಕೋತೀವಿ," ಎಂದ ಅವನು.

ಮನೆಗೆ ಬಂದವಳು ಯಾರಿಗೂ ಏನೂ ಹೇಳಲಿಲ್ಲ. ಗೌರೀಶ ಕೇಳಿದ್ದಕ್ಕೆ "ಅತ್ನಿ, ಬಂದ್ನಿ," ಎಂದಳು ಅಷ್ಟೇ. ಅಂತೂ ಗಂಡನಿಗೆ ಸಲ್ಲಬೇಕಾದದ್ದು ಸಂದಿತೆಂಬ ಸಮಾಧಾನ ಅವಳಿಗಿತ್ತು. ಪರಸ್ಥಳದಲ್ಲಿ, ಪರರ ಅಂಗಳದಲ್ಲಿ ಸಂದರೂ ಸಂದಿತ್ತು.

ಕಳೆದ ಭಾನುವಾರ ಆಂಜನೇಯ ಫೋನು ಮಾಡಿ, ಆ ಸಿನಿಮಾ ಈಗ ಮನೆಯ ಟಿವಿಯಲ್ಲೇ ಬಂದಿದೆ ಎಂದ. ಗೌರೀಶ ಅಂಗಡಿಗೆ ರಜೆ ಹಾಕಿದ. ಶೈಲಶ್ರೀ ಮಂಡಕ್ಕಿ ಒಗ್ಗರಣೆ ಮಾಡಿ, ಮಿರ್ಚಿ ಕರಿದಳು. ಬಾನುಬೀ ಹೊಸ್ತಿಲು ಬಿಟ್ಟು ಒಳಗೇ ಬಂದು ಹಂಪವ್ವನ ಪಕ್ಕ ಕೂತಳು.

ಒಂದು ತಾಸು ಹಂಪವ್ವ ಹಲ್ಲು ಕಚ್ಚಿ ನೋಡಿದಳು. ಊರು ತಮ್ಮ ಕಡೆಯದೇ, ಮಾತು ಮಾತ್ರ ಎಲ್ಲಿಯದೋ. ಬಾಯಿ ತೆರೆದವರೆಲ್ಲ "ಲೇ" ಅನ್ನುವವರು, "ಮಗನ" ಅನ್ನುವವರು. ನಾಯಕ ಮತ್ತು ನಾಯಕಿ ಬಿಟ್ಟು ಉಳಿದವರೆಲ್ಲ ಕುಡುಕರು, ಕಳ್ಳರು, ಹೆಡ್ಡರು.

"ನಾವು ಹಿಂಗ ಮಾತಾಡ್ತೀವೇನಬೇ ಬಾನು?"

"ತಡೀ ಹಂಪಕ್ಕ, ನಿನ್ನ ಪಾಳಿ ಬರಲಿ," ಎಂದಳು ಬಾನುಬೀ.

ಪಾಳಿ ಬಂತು. ಇಟಗಿಯ ಅಂಗಳ, ಚಾಪೆ, ಹಾರ. ಹಂಪವ್ವನ ಮುಖ ಅರ್ಧ ಗೋಡೆಯಷ್ಟು ದೊಡ್ಡದಾಗಿ ಬಂತು. ಮೂಗಿನಿಂದ ಸುಂಬಳ ಇಳಿದು ಮೇಲ್ತುಟಿ ತೋಯ್ದಿತ್ತು. ಶೈಲಶ್ರೀ ಚಪ್ಪಾಳೆ ತಟ್ಟಿದಳು. ಟಿವಿಯಿಂದ ಹಂಪವ್ವನ ದನಿ ಮನೆ ತುಂಬಿತು. ಊರ ಮಂದಿಗೆಲ್ಲ ಗ್ವಾಡೀಯ ಕಟ್ಟೀದಿ... ಕನಕಪ್ಪಾ...

ಹೆಸರನ್ನು ಅವರು ಸರಿಮಾಡಿಕೊಂಡಿರಲಿಲ್ಲ. ಹಂಪವ್ವ ಗೋಡೆ ಬಿಟ್ಟು ನೆಟ್ಟಗೆ ಕೂತಳು.

ಅಷ್ಟರಲ್ಲಿ ಟೊಂಯ್ ಎಂದು ಒಂದು ಸದ್ದು ಬಂತು. ಹೆಣ ಕಣ್ಣು ಬಿಟ್ಟಿತು. ಮೂಗಿನ ಹತ್ತಿ ಕಿತ್ತು ಎಸೆದು ಎದ್ದು ಕೂತಿತು. "ಯಾವ ಕನಕಪ್ಪ ಲೇ ಮುದುಕಿ? ಮನಿ ತಪ್ಪಿ ಬಂದೀ!"

ಟಿವಿಯೊಳಗಿನ ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಟಿವಿಯ ಹೊರಗೆ ಗೌರೀಶ ತೊಡೆ ತಟ್ಟಿ ನಕ್ಕ. ಬಾಯಲ್ಲಿದ್ದ ಮಿರ್ಚಿ ಚೂರು ನೆಲಕ್ಕೆ ಬೀಳುವಷ್ಟು ನಕ್ಕ.

ನಗದೇ ಇದ್ದವಳು ಬಾನುಬೀ. "ಯಾ ಅಲ್ಲಾ," ಎಂದು ಅವಳು ಬಾಯಿಗೆ ಸೆರಗು ಹಿಡಿದಳು. ಅದನ್ನು ನೋಡಿ ಶೈಲಶ್ರೀ ತಟ್ಟನೆ ಟಿವಿ ಆರಿಸಿದಳು. ಗೌರೀಶನ ನಗು ಒಂದೇ ಉಳಿಯಿತು, ಆಮೇಲೆ ಅದೂ ನಿಂತಿತು.

ಚಾಪೆಯ ಮೇಲೆ ಮಲಗಿಸಿದ್ದು ಯಾಕೆಂದು ಹಂಪವ್ವನಿಗೆ ಈಗ ತಿಳಿಯಿತು. ಮೈಯೆಲ್ಲ ಉರಿದು ಹೋಯಿತು. ಬಾಯಲ್ಲಿದ್ದ ಎಲೆ ಅಡಿಕೆ ಹೊಲಸು ಹೊಲಸು ಅನ್ನಿಸಿ ಅಂಗಳಕ್ಕೆ ಹೋಗಿ ಉಗುಳಿ ಬಂದಳು. ನೀರು ಮುಕ್ಕಳಿಸಿದರೂ ಆ ರುಚಿ ಹೋಗಲಿಲ್ಲ.

"ಅಪ್ಪನ ಹೆಸರು ಕೇಳಿ ನಕ್ಕೆಲ್ಲೋ," ಎಂದಳು ಮಗನಿಗೆ.

"ಯವ್ವಾ, ಅದು ಸಿನಿಮಾದಾಗಿನ ಹೆಸರು ಅಂದ್ಕೊಂಡ್ನೆಬೇ..."

"ನಾ ಯಾರಿಗಿ ಅಳಾಕತ್ತೀನಿ ಅಂದ್ಕೊಂಡಿದ್ದಿ? ಆ ಬಣ್ಣ ಬಳ್ಕೊಂಡಾಂವಗೇನು? ನಿಮ್ಮಪ್ಪಗ ಅತ್ತೀನೋ! ಇಲ್ಲಿ ಅಳಾಕ ಆಗಲಿಲ್ಲಂತ ಅಲ್ಲಿ ಹೋಗಿ ಅತ್ತೀನಿ. ಹತ್ತು ಮಿನಿಟು ಅತ್ತೀನಿ!"

ಗೌರೀಶ ಏನಾದರೂ ಮಾಡಲೇಬೇಕೆನ್ನುವಂತೆ ಫೋನು ಎತ್ತಿ ಆಂಜನೇಯನಿಗೆ ಹಚ್ಚಿದ. ಎಲ್ಲರಿಗೂ ಕೇಳುವಂತೆ ಜೋರು ಮಾಡಿ ಇಟ್ಟ.

"ನೋಡಿದ್ರ್ಯಾ? ಭಾಳ ಚಾಲ್ತಿ ಆಗೇತ್ರಿ ಆಯೀದು!" ಎಂದ ಆಂಜನೇಯ ಹಿಗ್ಗಿನಿಂದ. "ಗಂಗಾವತ್ಯಾಗ ಹುಡುಗ್ರ ಮೊಬೈಲಿನ್ಯಾಗೆಲ್ಲಾ ಅದ ತುಣುಕು ಓಡಾಕತ್ತೈತಿ. ಮುಂದಿನ ಸಿನಿಮಾಕ್ಕೂ ಆಯೀನ ಬೇಕಂತ."

"ಅದಿರಲಿ. ನಮ್ಮವ್ವ ಹತ್ತು ಮಿನಿಟು ಅತ್ತಾಳಂತ, ಇದರಾಗ ಮೂರು ಸಾಲು ಅಷ್ಟ ಅದಾವ. ಉಳಿದದ್ದು ಎಲ್ಲೈತ್ರಿ? ನಮಗ ಬೇಕು."

"ಅಯ್ಯ, ಬ್ಯಾಡಾದದ್ದು ಯಾರ ಇಟ್ಕೋತಾರ್ರಿ? ಅವಾಗ ಅಳಿಸಿಬಿಟ್ಟಾರ."

"ಅಳಿಸ್ಯಾರ ಬಿಡು," ಎಂದಳು ಹಂಪವ್ವ ಫೋನಿನ ಕಡೆ ತಿರುಗಿ. "ನನ್ನ ಅಳಿಸ್ಯಾರ, ಊರಾಗಿನ ಮಂದೀನ ನಗಿಸ್ಯಾರ. ಬಾಯಾಗ ಹುಳಾ ಬೀಳ್ಲಿ ಅವರಿಗೆ!"

"ಹಂಗಲ್ಲಬೇ," ಗೌರೀಶ ಫೋನು ಆರಿಸಿ, ಮೆಲ್ಲಗೆ ಹೇಳಿದ. "ಒರಸಿ ಹಾಕ್ಯಾರಂತ. ನೀ ಅತ್ತದ್ದು ಈಗ ಎಲ್ಲೂ ಇಲ್ಲಂತ."

ಹಂಪವ್ವ ಬೈಯಲು ಬಾಯಿ ತೆರೆದಳು, ಬೈಗುಳ ಸಾಲದೆ ಮುಚ್ಚಿದಳು. ಬಾನುಬೀ ಅವಳ ಕೈ ಹಿಡಿದು ಕೂರಿಸಿದಳು. ಮಂಡಕ್ಕಿ ಮೆತ್ತಗಾಗುತ್ತ ಬಿದ್ದಿತ್ತು.

ಆಮೇಲೆ ಗೌರೀಶ ಕುರ್ಚಿಯಿಂದ ಇಳಿದು ತಾಯಿಯ ಎದುರು ನೆಲದ ಮೇಲೆ ಕೂತ. "ಯವ್ವಾ, ಅವತ್ತು ಅಪ್ಪಗ ಏನೇನ ಅಂದಿ, ಈಗ ಅನ್ನಬೇ. ನಾ ಕೇಳ್ತೀನಿ. ನಾನೂ ಅತ್ತಿಲ್ಲ ಅವಗ. ಅವತ್ತ ದೂರ ನಿಂತು ಬಂದೀನಿ ಅಷ್ಟ."

ಹಂಪವ್ವ ಮಗನನ್ನು ನೋಡಿದಳು. ನಕ್ಕದ್ದರ ಸಿಟ್ಟು ಇನ್ನೂ ಇತ್ತು, ಆದರೂ ಅವನ ಕಣ್ಣು ತುಂಬಿದ್ದನ್ನು ನೋಡಿ ಕರುಳು ಚುರ್ರೆಂದಿತು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ಮುಚ್ಚಿ ಒಂದು ಕೈ ಕೆನ್ನೆಗೆ ಹಚ್ಚಿದಳು. ದನಿ ತಾನೇ ಬಂತು, ಇಟಗಿಯಲ್ಲಿ ಬಂದಂತೆಯೇ ಬಂತು.

*ಊರ ಮಂದಿಗೆಲ್ಲ ಗ್ವಾಡೀಯ ಕಟ್ಟೀದಿ*
*ನೀ ಆತು ಕೂಡಾಕ ಗ್ವಾಡಿಲ್ಲೊ, ನನ ದೊರಿಯೆ*

ಗೌರೀಶ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದ. ಶೈಲಶ್ರೀ ಗೋಡೆಯ ಕಡೆ ತಿರುಗಿದಳು.

*ಕನಕಪ್ಪಾ...*

ಹಂಪವ್ವನ ದನಿ ನಿಂತಿತು. ಮತ್ತೊಮ್ಮೆ ಎತ್ತಿದಳು. "ಕನಕಪ್ಪಾ..." ಮತ್ತೆ ಅಲ್ಲಿಗೇ ನಿಂತಿತು. ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿ ಮೂರನೆಯ ಸಲ ಎತ್ತಿದಳು. ತುಟಿ ಅಲುಗಿತು, ಹೆಸರಿನ ಮುಂದೆ ಏನೂ ಹೊರಡಲಿಲ್ಲ.

"ಮುಂದಬೇ?" ಎಂದ ಗೌರೀಶ, ಅಳುತ್ತಲೇ.

ಹಂಪವ್ವ ಕಣ್ಣು ತೆರೆದಳು. ಅವು ಒಣಗಿದ್ದವು.

"ಮುಂದ ನಿಮ್ಮಪ್ಪನ ಮಾರಿ ಕಣ್ಣಮುಂದ ಬರಬೇಕೋ ಗೌರ್ಯಾ," ಎಂದಳು. "ಆ ಮಂಗ್ಯಾನಮಗ ಹತ್ತಿ ಕಿತ್ತು ಎದ್ದು ಕೂಡಾಕತ್ತಾನ."