ತಾಮ್ರದ ತಂಬಿಗೆ

ನೀಲಿ ಸೂಟ್‌ಕೇಸಿನ ತಳಕ್ಕೆ ಕೈ ಹಾಕಿ ಪುಂಡಲೀಕ ತಾಮ್ರದ ತಂಬಿಗೆಯನ್ನು ಎಳೆದು ತೆಗೆದ. ಅದರ ಹೊಟ್ಟೆ ಅಲ್ಲಲ್ಲಿ ನೆಗ್ಗಿತ್ತು.

"ಇದನ್ನೂ ಅಣ್ಣನ ಜೋಡಿ ಕುಣ್ಯಾಗ ಇಟ್ಟಬಿಡೂಣು. ಇಟಲಿ, ಟರ್ಕಿ, ಎಲ್ಲಾ ಕಡೆ ಇದನ್ನ ಹೊತಗೊಂಡ ಅಡ್ಡಾಡ್ಯಾನ."

ರಾಣೆಬೆನ್ನೂರಿನ ಆ ಮನೆಯ ಪಡಸಾಲೆಯಲ್ಲಿ, ತೀರಿಕೊಂಡ ಅವನ ಅಣ್ಣ ಶಂಭುಲಿಂಗನಿಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಹೊರದೇಶದ ಕಲ್ಲು ತರಿಸಿ, ಕೊಯ್ದು, ಹೊಳಪು ಕೊಟ್ಟು, ಹಾವೇರಿ, ಬ್ಯಾಡಗಿಯ ಎಷ್ಟೋ ಮನೆಗಳಿಗೆ ನೆಲ ಹಾಸಿದವನು ಇನ್ನೊಂದು ಊರಿಗೆ ಹೊರಟವನ ಹಾಗೆ ಕುಳಿತಿದ್ದ.

"ಕಾಕಾ, ಅದು ನನಗ ಬೇಕ್ರಿ," ಎಂದಳು ಮಗಳು ಐಶ್ವರ್ಯ. "ಮುಂದಿನ ವಾರ ಟರ್ಕಿ ಕಲ್ಲ ಬರ್ತಾವ. ಬಂದರಿಗೆ ಹೋಗಿ ನೋಡಬೇಕು."

"ನೀ ನೋಡ್ತೀಯೇನು? ಕಲ್ಲಿಗೆ ನೀರ ಹಾಕೂದ ಸುಲಭ. ಸೀಳ ಕಾಣಬೇಕಲ್ಲ. ನಿಮ್ಮಪ್ಪನ ಕಣ್ಣ ನಿಮ್ಮಪ್ಪನ ಜೋಡೀನ ಹೋತು. ಕಾರ್ಖಾನಿ ಮುಚ್ಚೂದ ಚೊಲೊ."

ಐಶ್ವರ್ಯಳ ತಾಯಿ ಗದಿಗೆವ್ವ ತಲೆ ಎತ್ತಲಿಲ್ಲ. "ಮೊದಲ ಅವ್ರನ್ನ ಕಳಸ್ರಿ. ಮುಚ್ಚೂದು ತಗಿಯೂದು ಆಮ್ಯಾಲೆ."

ಸಮಾಧಿಯ ಮೇಲೆ ಯಾವ ಕಲ್ಲು ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. ಕಾರ್ಖಾನೆಯ ಹಿಂಗೋಡೆಗೆ ಒರಗಿಸಿಟ್ಟ ಇಟಲಿಯ ಬಿಳಿ ಚಪ್ಪಡಿ. ಎಷ್ಟು ಜನ ಕೇಳಿದರೂ ಶಂಭುಲಿಂಗ ಅದನ್ನು ಮಾರಿರಲಿಲ್ಲ. ತನಗೆಂದೇ ಇಟ್ಟುಕೊಂಡಿದ್ದಾನೆ ಎಂದು ಎಲ್ಲರೂ ತಿಳಿದಿದ್ದರು.

* * *

ಪ್ರತಿ ಕಲ್ಲಿನೊಳಗೂ ಒಂದು ಹೊಳೆ ಮಲಗಿರುತ್ತದೆ, ನೀರು ಹಾಕಿದರೆ ಎಚ್ಚರಾಗುತ್ತದೆ ಎಂದು ಐಶ್ವರ್ಯಳಿಗೆ ಅಜ್ಜಿ ಭರಮವ್ವ ಹೇಳುತ್ತಿದ್ದಳು. ಅಪ್ಪ ಆ ಕತೆಯನ್ನು ನಗದೆ ಕೇಳುತ್ತಿದ್ದ.

ಕಾಲೇಜು ಮುಗಿದ ವರ್ಷ ಅಪ್ಪ ಅವಳನ್ನು ಟರ್ಕಿಗೆ ಕರೆದೊಯ್ದಿದ್ದ. ಬೆಟ್ಟದ ಕೆಳಗಿನ ಕಲ್ಲಿನ ಅಂಗಳದಲ್ಲಿ ಅವನು ತಂಬಿಗೆ ತೆಗೆದಾಗ ಅಲ್ಲಿಯ ಮಾಲೀಕ ನಕ್ಕಿದ್ದ. ಅಪ್ಪ ಸನ್ನೆ ಮಾಡಿ ನೀರು ಕೇಳಿ ಸುರಿದ. ಬೂದಿ ಬಣ್ಣದ ಕಲ್ಲು ಮಾಗಿದ ನೇರಳೆಯಾಯಿತು.

"ಈಗ ನೋಡಬ್ಯಾಡ," ಎಂದ ಅಪ್ಪ. "ಆರೂತನಕ ತಡಿ. ಎಲ್ಲಾ ಆರಿದ ಮ್ಯಾಲೂ ಒಂದ ಹಸಿ ಗೆರಿ ಉಳದ್ರ ಅಲ್ಲಿ ಸೀಳ ಐತಿ. ಅಂಥಾ ಕಲ್ಲ ಒಬ್ಬರ ಮನಿಗೆ ಕೊಡಬಾರದು."

ಇಬ್ಬರೂ ಕುಕ್ಕರುಗಾಲಿನಲ್ಲಿ ಕುಳಿತು ಕಾದರು. ಸ್ವಲ್ಪ ಹೊತ್ತಿಗೆ ಮಾಲೀಕನೂ ಅವರ ಪಕ್ಕ ಬಂದು ಕುಳಿತ.

* * *

ಮೇಡ್ಲೇರಿಯ ಅವರ ಹೊಲದಲ್ಲಿ ಕುಣಿ ತಯಾರಿತ್ತು. ಹೂವಿನ ವಿಮಾನ ಕಟ್ಟಿದ ಚಟ್ಟದಲ್ಲಿ ಕೂಡಿಸಿ ತಂದ ಶಂಭುಲಿಂಗನನ್ನು ಬೇವಿನ ನೆರಳಿಗಿಟ್ಟು, ಅಯ್ಯನೋರು ಕುಣಿಗೆ ಪೂಜೆ ಮಾಡುತ್ತಿದ್ದರು. ಕಲ್ಲು ಕೊಯ್ಯುವ ಕಾಸೀಮಸಾಬ ಟೆಂಪೋದಿಂದ ಬಿಳಿ ಚಪ್ಪಡಿ ಇಳಿಸಿದ.

ತಂಬಿಗೆ ಹಿಡಿದು ನಿಂತಿದ್ದ ಪುಂಡಲೀಕನ ಮುಂದೆ ಐಶ್ವರ್ಯ ಕೈ ಚಾಚಿದಳು. "ಅಪ್ಪನ ಕಲ್ಲಿಗೆ ಒಂದ ಸಲ ನೀರ ಹಾಕಿ ಕೊಡ್ತೇನ್ರಿ ಕಾಕಾ."

ಅವನು ಕೊಟ್ಟ. ಅವಳು ಕಾಲುವೆಯಿಂದ ತುಂಬಿ ತಂದು ಸುರಿದಳು. ಕಲ್ಲು ಹಾಲಿನಂತೆ ಹೊಳೆಯಿತು.

"ಚೊಲೊ ಐತಲ್ಲವಾ, ಇನ್ನೇನು?" ಎಂದ ಪುಂಡಲೀಕ.

"ಆರ್ಲಿ ತಡೀರಿ."

ಬಿಸಿಲಿಗೆ ಅಂಚಿನಿಂದ ತೇವ ಸರಿಯುತ್ತ ಬಂತು. ಎಲ್ಲ ಆರಿತು. ಮೂಲೆಯಿಂದ ನಡುವಿನವರೆಗೆ, ನೂಲಿನಷ್ಟು ತೆಳ್ಳಗೆ, ಒಂದು ಹಸಿ ಗೆರೆ ಉಳಿಯಿತು.

ಪುಂಡಲೀಕ ಮಂಡಿಯೂರಿ ಅದರ ಮೇಲೆ ಬೆರಳೆಳೆದ. ಸೀಳು ಬೆರಳಿಗೆ ತಾಕಲಿಲ್ಲ.

"ದಿನಾ ಇದರ ಮುಂದ ಕುಂತ ಚಾ ಕುಡದೇನ್ರಿ ನಾ," ಎಂದ ಕಾಸೀಮಸಾಬ. "ಕಂಡಿಲ್ಲ ನೋಡ್ರಿ."

ಗದಿಗೆವ್ವನ ಮುಖದಲ್ಲಿ ಬೆಳಗಿನಿಂದ ಇಲ್ಲದ ನಗೆ ಸುಳಿಯಿತು. "ಮೊದಲನೇ ಸಲ ಇಟಲಿಗೆ ಹೋದಾಗ ಭಾಷಾ ಬರದ, ನೀರ ಕೇಳಾಕ ನಾಚಿಕೊಂಡೆ, ಒಂದ ಕಲ್ಲಿಗೆ ಮೋಸ ಹೋದೆ ಅಂದಿದ್ರು. ಯಾವ ಕಲ್ಲು ಅಂತ ಹೇಳಿರಲಿಲ್ಲ, ಇದ ನೋಡ್ರಿ ಅದು. ಆಮ್ಯಾಲೇನ ನಾ ಈ ತಂಬಗಿ ಕಟ್ಟಿ ಕೊಟ್ಟಿದ್ದು." ಅವಳು ಗಂಡನ ಕಡೆ ನೋಡಿದಳು. "ಇದನ್ನ ಮ್ಯಾಲೆ ಹಾಕಿದ್ರ ಎದ್ದ ಬಂದ ಜಗಳಾ ತಗೀತಾರ."

ಯಾರೋ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಪುಂಡಲೀಕ ಎದ್ದು ಧೋತರದ ಮಣ್ಣು ಕೊಡವಿದ. ಸುತ್ತ ಇಷ್ಟು ಹಿರಿಯರಿದ್ದರೂ ಐಶ್ವರ್ಯಳನ್ನೇ ಕೇಳಿದ. "ಮತ್ತ ಯಾವುದು ಹಾಕೂಣವಾ?"

"ಕಾಸೀಮಣ್ಣ, ಗಾಡ್ಯಾಗ ಚಪ್ಪಡಿ ಬುಡಕ ಆಸರಕ್ಕ ಇಟ್ಟಿದ್ದ ನಮ್ಮ ಊರ ಕಡೀ ಕರಿಕಲ್ಲ ಐತಲ್ಲ, ಅದನ್ನ ಇಳಸ್ರಿ."

ಧೂಳು ಮೆತ್ತಿದ ಕಲ್ಲು ನೆಲಕ್ಕೆ ಬಂತು. ಪುಂಡಲೀಕ ಅವಳ ಕೈಯಿಂದ ತಂಬಿಗೆ ತೆಗೆದುಕೊಂಡು ನಡೆದ. ಕುಣಿಯ ಕಡೆಗಲ್ಲ, ಕಾಲುವೆಯ ಕಡೆಗೆ. ತುಂಬಿಕೊಂಡು ಬಂದು ಅವಳ ಕೈಗೇ ಇಟ್ಟ.

ನೀರು ಹರಡಿತು. ಧೂಳಿನಡಿಯಿಂದ ಆಳವಾದ ಕಪ್ಪು ಮೆಲ್ಲಗೆ ಎದ್ದು ಬಂತು. ಮಣ್ಣು ಕೊಡಲು ಬಂದವರೆಲ್ಲ ಆ ಕಲ್ಲಿನ ಸುತ್ತ ಕುಕ್ಕರುಗಾಲಿನಲ್ಲಿ ಕುಳಿತು, ಅದು ಆರುವುದನ್ನೇ ಕಾಯತೊಡಗಿದರು.